ಬೇರೆ ಮನೆ ಬಾಗಿಲು

ಇದನ್ನ ಯಾರ ಹತ್ರಾನೂ ಹೇಳ್ಬೇಡ ಅಂತ ನಂಗೆ ಹೇಳಿದ್ರು. ಎರಡು ಸಲ ಹೇಳಿದ್ರು. ಎರಡನೇ ಸಲ ನನ್ನ ಮುಖ ನೋಡ್ದೆ ಹೇಳಿದ್ರು. ಇಷ್ಟು ದಿನ ನಾನೂ ಹೇಳಿರ್ಲಿಲ್ಲ. ಇವತ್ತು ಹೇಳ್ತೀನಿ, ಆದ್ರೆ ಹೆಸರು ಹೇಳಲ್ಲ. ಊರಿನ ಹೆಸರೂ ಇಲ್ಲ, ಜನರ ಹೆಸರೂ ಇಲ್ಲ. ಅಷ್ಟು ಮಾತು ಉಳಿಸ್ಕೊಳ್ತೀನಿ.

ಒಂದೂರು. ಆ ಊರಲ್ಲಿ ಬಾಗಿಲು ತಟ್ಟಿದ್ರೆ ಒಳಗಿಂದ "ಯಾರು" ಅಂತ ಕೇಳ್ಬೇಕು. ಕೇಳ್ದೆ ಯಾರೂ ತೆಗಿಯಲ್ಲ. ಕೇಳಿದ್ಮೇಲೆ ತೆಗೀದೆ ಇರೋ ಹಾಗಿಲ್ಲ. ಮತ್ತೆ ಆ ಮನೆಯವರೇ ಕೇಳ್ಬೇಕು. ನೆಂಟರಾಗ್ಲಿ, ನೆರೆಯವರಾಗ್ಲಿ, ಬೇರೆಯವರ ಮನೇಲಿ ಕೂತು "ಯಾರು" ಅನ್ನಬಾರ್ದು. ಅಲ್ಲಿನ ಮಕ್ಕಳು ಅವ್ವ, ಅಪ್ಪ ಅಂದ್ಮೇಲೆ ಮೂರನೇದು ಕಲಿಯೋ ಮಾತೇ "ಯಾಲು".

ಕೆಲವು ಸಲ, ಕೆಲವು ಮನೇಲಿ, ಯಾರೋ ಒಬ್ಬರು ಕೇಳೋದು ನಿಲ್ಲಿಸ್ಬಿಡ್ತಾರೆ. ಹೊರಗೆ ತಟ್ತಾ ಇರ್ತಾರೆ, ಒಳಗೆ ಇವರು ಸುಮ್ನೆ ಕೂತಿರ್ತಾರೆ. ಕಿವಿ ಚೆನ್ನಾಗೇ ಇರುತ್ತೆ. ಆದ್ರೂ ಕೇಳಲ್ಲ. ಅಂಥವರನ್ನ ಉದ್ದಮನೆಗೆ ಕರ್ಕೊಂಡು ಹೋಗ್ಬೇಕು.

ಉದ್ದಮನೆ ಊರಿಗೆಲ್ಲ ಸೇರಿದ್ದು. ಅಲ್ಲಿ ದುಡ್ಡು ಕೇಳಲ್ಲ, ಯಾರನ್ನೂ ವಾಪಸ್ಸು ಕಳಿಸಲ್ಲ. ಬೆಳಿಗ್ಗೆ ಗಂಜಿ ಕೊಡ್ತಾರೆ, ಸಂಜೆ ಬಿಳೀ ಮಾತ್ರೆ ಕೊಡ್ತಾರೆ. ಸಾಲಾಗಿ ಕೋಣೆ ಇದಾವೆ. ಕೋಣೆಗೆ ಬಾಗಿಲು ಮಾತ್ರ ಇಲ್ಲ. ಬಾಗಿಲು ಮನೆಯವರು ತರ್ಬೇಕು. ಮನೆಯ ಮುಂಬಾಗಿಲನ್ನೇ ಕೀಲಿಂದ ಬಿಚ್ಚಿ, ಹೊತ್ಕೊಂಡು ಹೋಗಿ, ಅಲ್ಲಿ ಹಾಕ್ಬೇಕು. ಒಳಗೆ ಅವರನ್ನ ಕೂರಿಸ್ಬೇಕು. ಆಮೇಲೆ ಶುಕ್ರವಾರ ಶುಕ್ರವಾರ ಮನೆಯವರು ಬಂದು, ಮನೇಲಿ ತಟ್ಟೋ ಹಾಗೇ ತಟ್ಬೇಕು. ಒಂದು ದಿನ ಒಳಗಿಂದ "ಯಾರು" ಅಂತ ಬಂತು ಅಂದ್ರೆ ಆಯ್ತು. ಬಾಗಿಲು ತೆಗೆದು, ಅವರೂ ಬಾಗಿಲೂ ಜೊತೆಗೇ ಮನೆಗೆ ಬರ್ತಾರೆ.

ಅಲ್ಲೀವರೆಗೆ ಮನೆಗೆ ಬಾಗಿಲಿರಲ್ಲ. ಹೋದವರದ್ದೇ ಒಂದು ಸೀರೇನೋ ಪಂಚೇನೋ ಅಡ್ಡ ಕಟ್ಟಿರ್ತಾರೆ. ಬೀದೀಲಿ ಹೋಗೋರಿಗೆಲ್ಲ ಕಾಣುತ್ತೆ. ಸೀರೆ ಕಟ್ಟಿದ ಮನೆ ಅಂತಾರೆ. ಸೀರೆ ಕಟ್ಟಿದ ಮನೆಯಿಂದ ಹೆಣ್ಣು ತರಬಾರ್ದು ಅಂತಾನೂ ಅಂತಾರೆ.

ನಾನು ಹೇಳ್ತಿರೋದು ಅಲ್ಲಿನ ಒಂದು ಮನೆ ವಿಷಯ. ಅಪ್ಪ, ಅವ್ವ, ದೊಡ್ಡ ಮಗಳು, ಕಿರಿಮಗಳು. ಆ ಮನೆ ಬಾಗಿಲು ಹಲಸಿನ ಮರದ್ದು, ದಪ್ಪ. ತಟ್ಟಿದ್ರೆ ತುಂಬಿದ ಕೊಡ ನೆಲಕ್ಕಿಟ್ಟ ಹಾಗೆ ಸದ್ದು ಬರೋದು. ಅವರು ತಟ್ತಿದ್ದಿದ್ದು ಮೂರು ಸಲ, ಬಿಟ್ಟು ಒಂದು ಸಲ. ಒಲೆ ಮುಂದೆ ಕೂತಿದ್ರೂ ಅವ್ವ ಅಲ್ಲಿಂದಾನೇ "ಯಾರೂ" ಅಂತ ಎಳೀತಿದ್ಲು.

"ನಾನು ಕಣವ್ವ."

"ನಾನು ಅಂದ್ರೆ ಯಾವ ನಾನು?"

"ನಿನ್ನ ಕಿರೀ ನಾನು."

ಆಮೇಲೆ ಚಿಲಕ ತೆಗೀತಿದ್ಲು.

ಒಂದು ಮಧ್ಯಾಹ್ನ ಕಿರಿಮಗಳು ತಟ್ಟಿದ್ಲು. ಮೂರು ಸಲ, ಬಿಟ್ಟು ಒಂದು ಸಲ. ಒಳಗಿಂದ ಏನೂ ಬರ್ಲಿಲ್ಲ. ಹಿತ್ತಲಿಂದ ಸುತ್ತಿ ಬಂದು ನೋಡಿದ್ರೆ ಅವ್ವ ಮೊರ ತೊಡೆ ಮೇಲಿಟ್ಕೊಂಡು ಕೂತಿದ್ಲು. ಮೊರದಲ್ಲಿ ಅಕ್ಕಿ ಇತ್ತು. ಕಲ್ಲು ಆರಿಸ್ತಿರ್ಲಿಲ್ಲ. ನೋಡ್ತಾನೂ ಇರ್ಲಿಲ್ಲ. ಮಾರನೇ ದಿನಾನೂ ಅದೇ ಅಕ್ಕಿ, ಅದೇ ಮೊರ. ಅದರ ಮಾರನೇ ದಿನ ದೊಡ್ಡ ಮಗಳು ಮೊರ ತಗೊಂಡು ತಾನೇ ಆರಿಸಿ ಅನ್ನ ಮಾಡಿದ್ಲು. ಅವ್ವನ ಕೈ ಮೊರ ಹಿಡ್ಕೊಂಡ ಹಾಗೇ ಇತ್ತು.

ಅಪ್ಪ ಒಂದು ತಿಂಗಳು ಕಾದ. ಬೂದಿ ಹಚ್ಚಿಸ್ದ, ತಾಯತ ಕಟ್ಟಿಸ್ದ, ಕೂಗಾಡ್ದ, ಆಮೇಲೆ ಕೂಗಾಡೋದೂ ಬಿಟ್ಟ. ಒಂದು ಶುಕ್ರವಾರ ಬೆಳಿಗ್ಗೆ ಎತ್ತಿನಗಾಡಿ ಕರ್ಕೊಂಡು ಬಂದ. ಗಾಡೀಲಿ ಒಂದು ಬಾಗಿಲಿತ್ತು. ಕಿರಿಮಗಳು ಮನೆ ಬಾಗಿಲು ನೋಡಿದ್ಲು. ಅದು ಅಲ್ಲೇ ಇತ್ತು.

"ಇದೆಲ್ಲಿದಪ್ಪ?"

"ಹಳೇ ಮರದ ಅಂಗಡೀದು."

"ನಮ್ಮ ಬಾಗಿಲಲ್ವಲ್ಲ."

"ಬಾಗಿಲು ಬಾಗಿಲೇ," ಅಂದ ಅಪ್ಪ. "ಎರಡು ತಿಂಗಳ ಮಾತು. ನಿಮ್ಮಕ್ಕನಿಗೆ ವಯಸ್ಸು ಬಂದಿದೆ. ಮನೆ ಮುಂದೆ ಸೀರೆ ಕಟ್ಕೊಂಡು ಕೂತ್ರೆ ಅವಳನ್ನ ಯಾರು ಕೇಳ್ತಾರೆ? ನಿಮ್ಮವ್ವ ತವರಿಗೆ ಹೋಗಿದಾಳೆ. ಅವಳಣ್ಣನಿಗೆ ಹುಷಾರಿಲ್ಲ. ಗೊತ್ತಾಯ್ತಾ? ಇದನ್ನ ಯಾರ ಹತ್ರಾನೂ ಹೇಳ್ಬೇಡ."

ಅವಳು ತಲೆ ಆಡಿಸಿದ್ಲು.

"ಯಾರ ಹತ್ರಾನೂ," ಅಂದ ಇನ್ನೊಂದು ಸಲ, ಎತ್ತಿನ ಹಗ್ಗ ನೋಡ್ತಾ.

ಗಾಡಿ ಹಿಂದೆ ಅವ್ವ ನಡ್ಕೊಂಡು ಬಂದ್ಲು. ತಲೆ ಮೇಲೆ ಸೆರಗಿತ್ತು. ಆ ಬಾಗಿಲು ಅವಳ ಕಣ್ಣೆದುರಿಗೇ ದಾರಿ ಉದ್ದಕ್ಕೂ ಅಲ್ಲಾಡ್ತಾ ಹೋಯ್ತು.

ಉದ್ದಮನೆ ಬಾಯಲ್ಲಿ ಬರೆಯೋರು ಕೂತಿದ್ರು. ಮುಂದೆ ದೊಡ್ಡ ಪುಸ್ತಕ. ಕನ್ನಡಕದ ಒಂದು ಕಿವಿಗೆ ದಾರ ಕಟ್ಟಿತ್ತು. ಕೆಟ್ಟೋರಲ್ಲ. ಆದ್ರೆ ಅವರೊಬ್ರೇ, ಬಂದೋರು ತುಂಬ. ಅದಕ್ಕೆ ತಲೆ ಎತ್ತದೇ ಕೇಳೋರು.

"ಊಟ ಮಾಡ್ತಾರಾ?"

"ಇಟ್ರೆ ಮಾಡ್ತಾಳೆ."

"ನಿದ್ದೆ?"

"ಗೊತ್ತಿಲ್ಲ. ಕಣ್ಣು ಮುಚ್ಚಿರ್ತಾಳೆ."

"ಬಾಗಿಲು ನಿಮ್ಮ ಮನೇದೇ ತಾನೆ?"

"ಹೂಂ," ಅಂದ ಅಪ್ಪ.

ಬರೆಯೋರು ಯಾಕೋ ಒಂದು ಸಲ ತಲೆ ಎತ್ತಿ ಕಿರಿಮಗಳನ್ನ ನೋಡಿದ್ರು. ಅವಳು ತನ್ನ ಕಾಲ್ಬೆರಳು ನೋಡಿದ್ಲು. ಅವರು ಬರ್ಕೊಂಡ್ರು. "ಮೊದಲ ಸಲ ತಟ್ಟೋರೇ ಕೊನೇವರೆಗೂ ತಟ್ಬೇಕು. ನಲವತ್ತು ಸಲ. ನಲವತ್ತಕ್ಕೂ ಕೇಳ್ದೇ ಇದ್ರೆ ಹಿಂದಿನ ಸಾಲಿಗೆ ಹಾಕ್ತೀವಿ. ಯಾರು ತಟ್ತೀರ?"

ಅಪ್ಪ ಕೈ ನೋಡ್ಕೊಂಡ. ಆಮೇಲೆ ಕಿರಿಮಗಳ ಬೆನ್ನಿಗೆ ಮೆಲ್ಲಗೆ ಕೈ ಇಟ್ಟು ಮುಂದೆ ತಳ್ಳಿದ. ಒಂದು ಕೋಣೇಲಿ ಅವ್ವನ್ನ ಕೂರಿಸಿ, ಆ ಬಾಗಿಲು ಹಾಕಿದ್ರು.

ಅವಳು ತಟ್ಟಿದ್ಲು. ಮೂರು ಸಲ, ಬಿಟ್ಟು ಒಂದು ಸಲ. ಆ ಬಾಗಿಲು ತೆಳುವಿತ್ತು. ಖಾಲಿ ಡಬ್ಬ ಬಡಿದ ಹಾಗೆ ಸದ್ದು ಬಂತು. ಬರೆಯೋರು ಕಾದ್ರು. ಆಮೇಲೆ ಬರೆದ್ರು: ಕೇಳಲಿಲ್ಲ.

ಶುಕ್ರವಾರ ಬಂತು. ತಟ್ಟಿದ್ಲು. ಕೇಳಲಿಲ್ಲ. ಇನ್ನೊಂದು ಶುಕ್ರವಾರ ಬಂತು. ತಟ್ಟಿದ್ಲು. ಕೇಳಲಿಲ್ಲ. ಪ್ರತೀ ಸಲ ಬರೆಯೋರು ಮೊದಲಿಂದ ಕೇಳೋರು. ಯಾವ ಮನೆ, ಯಾರು ಒಳಗಿರೋದು, ನೀನೇನಾಗ್ಬೇಕು. ಪ್ರತೀ ಸಲ ಅವಳು ಮೊದಲಿಂದ ಹೇಳೋಳು. ಹೇಳ್ತಾ ಹೇಳ್ತಾ ಮಾತು ಸವೆದು, ಯಾರದ್ದೋ ಅವ್ವನ ಬಗ್ಗೆ ಹೇಳಿದ ಹಾಗಾಗೋದು. ಬಾಗಿಲು ತಟ್ಬಹುದು, ಮಾತಾಡೋ ಹಾಗಿಲ್ಲ. ಒಳಗಿಂದ ಕೇಳೋವರೆಗೂ ಹೊರಗಿಂದ ಮಾತಿಲ್ಲ. ಅದು ಅಲ್ಲಿನ ಕಟ್ಟಳೆ.

ಬೆಂಚಿನ ಮೇಲೆ ಪಕ್ಕದಲ್ಲಿ ಒಬ್ಬ ಹೆಂಗಸು ಕೂರ್ತಿದ್ಲು, ಗಂಡನಿಗೆ ತಟ್ಟೋಕೆ ಬರೋಳು. ಎಲೆ ಅಡಿಕೆ ಹಾಕ್ಕೊಂಡೇ ಇರೋಳು.

"ಇಪ್ಪತ್ತು ವರ್ಷ ನಾನೇ ಅಂತ ಗೊತ್ತಿದ್ರೂ 'ಯಾರು' ಅಂತ ಕೇಳಿದ್ರು ಕಣಮ್ಮ ನಮ್ಮೆಜಮಾನ್ರು," ಅಂದ್ಲು ಒಂದು ಸಲ. "ಈಗ ಯಾರು ಅಂತ ಗೊತ್ತಿಲ್ದೇ ಇದ್ರೂ ಕೇಳಲ್ಲ."

ಹೇಳಿ ತಾನೇ ನಕ್ಲು. ಕಿರಿಮಗಳಿಗೆ ನಗಬೇಕೋ ಬೇಡವೋ ಗೊತ್ತಾಗ್ಲಿಲ್ಲ. ಆ ಹೆಂಗಸು ಸೆರಗಲ್ಲಿದ್ದ ಕಡ್ಲೆ ಅವಳ ಕೈಗೆ ಹಾಕಿದ್ಲು.

ಮನೆ ಬೀದೀಲಿ ಎದುರುಮನೆಯವಳು ಕಟ್ಟೆ ಮೇಲೆ ಕೂತು ಕೇಳ್ತಿದ್ಲು, "ನಿಮ್ಮ ಸೋದರಮಾವ ಇನ್ನೂ ಹುಷಾರಾಗ್ಲಿಲ್ವೇನೇ?"

"ಇಲ್ಲ."

"ಒಂಬತ್ತು ತಿಂಗಳಾಯ್ತಲ್ಲೇ. ಇಷ್ಟೊತ್ತಿಗೆ ಹೆತ್ತಿರ್ತಿದ್ದ."

ಕಟ್ಟೆ ಮೇಲಿದ್ದೋರೆಲ್ಲ ನಕ್ರು. ಕಿರಿಮಗಳು ಹೋಗಿ ತಮ್ಮ ಬಾಗಿಲು ತಟ್ಟಿದ್ಲು. ತುಂಬಿದ ಕೊಡದ ಸದ್ದು. "ಯಾರು" ಅಂತ ಅಪ್ಪನ ದನಿ. "ನಾನು." ತೆಗೆದ. ಯಾವ ನಾನು ಅಂತ ಕೇಳೋರು ಇರ್ಲಿಲ್ಲ.

ಮೂವತ್ತೆಂಟನೇ ಶುಕ್ರವಾರ ಬೆಂಚಿನ ಹೆಂಗಸಿಗೆ ನಲವತ್ತನೇದು. ಅವಳು ತಟ್ಟಿದ್ಲು. ಅಂಗೈ ಕೆಂಪಾಗೋವರೆಗೂ ತಟ್ಟಿದ್ಲು. ಬರೆಯೋರು ಬರೆದ್ರು: ಕೇಳಲಿಲ್ಲ. ಆಮೇಲೆ ಬಾಗಿಲು ಹೊರೋರು ಇಬ್ಬರು ಬಂದು ಅವಳ ಗಂಡನನ್ನ ತೋಳು ಹಿಡಿದು ಹಿಂದಿನ ಸಾಲಿಗೆ ಕರ್ಕೊಂಡು ಹೋದ್ರು. ಗಂಡ ಬೆಳ್ಳಗಿದ್ದ, ಸಣ್ಣಗಿದ್ದ, ಹೆಂಡತಿ ಪಕ್ಕದಲ್ಲೇ ದಾಟಿ ಹೋದ. ಹೊರೋರು ವಾಪಸ್ಸು ಬಂದು ಬಾಗಿಲು ಕೀಲಿಂದ ಬಿಚ್ಚಿದ್ರು.

"ಬಾಗಿಲು ಯಾಕೆ ಬಿಚ್ತಾರೆ?" ಅಂತ ಕಿರಿಮಗಳು ಗಂಜಿ ಕೊಡೋ ಅಮ್ಮನ್ನ ಕೇಳಿದ್ಲು.

"ಹಿಂದಿನ ಸಾಲಿಗೆ ಬಾಗಿಲಿಲ್ಲ ಮಗ. ತಟ್ಟೋಕೆ ಯಾರೂ ಬರಲ್ಲ ಅಂದ್ಮೇಲೆ ಬಾಗಿಲೇನು ಮಾಡೋದು?" ಗಂಜಿಯಮ್ಮನ ಕೈ ನಿಲ್ಲಲಿಲ್ಲ. ನಲವತ್ತು ಬಟ್ಟಲು, ಒಂದು ಸೌಟು. "ಮನೆಯವರು ತಗೊಂಡು ಹೋಗ್ಬಹುದು. ತುಂಬ ಜನ ತಗೊಳಲ್ಲ. ಹಳೇ ಮರದ ಅಂಗಡಿಯೋನು ಗಾಡಿ ತರ್ತಾನೆ."

ಬೆಂಚಿನ ಹೆಂಗಸು ಬಾಗಿಲು ತಗೊಳ್ಲಿಲ್ಲ. ಎಲೆ ಅಡಿಕೆ ಉಗಿದು, ಬಾಯಿ ಒರೆಸ್ಕೊಂಡು, ಬರಿಗೈಲಿ ನಡ್ಕೊಂಡು ಹೋದ್ಲು. ಕಿರಿಮಗಳು ಗಾಡಿ ನೋಡಿದ್ಲು. ಅದೇ ಗಾಡಿ. ಅದೇ ಎತ್ತು.

ಮೂವತ್ತೊಂಬತ್ತನೇ ಶುಕ್ರವಾರ ಅವಳು ತಟ್ಟಿದ್ಲು. ಮೂರು ಸಲ, ಬಿಟ್ಟು ಒಂದು ಸಲ. ಬರೆಯೋರು ಬರೆದು ಮುಂದಿನ ಬಾಗಿಲಿಗೆ ಹೋದ್ರು. ಅವಳು ಹೋಗ್ಲಿಲ್ಲ. ಬಾಗಿಲ ಸಂದಿಗೆ ಬಾಯಿಟ್ಟು, ಯಾರ ಹತ್ರಾನೂ ಹೇಳ್ಬಾರ್ದು ಅಂದಿದ್ದನ್ನ ಹೇಳಿಬಿಟ್ಲು.

"ಅವ್ವ, ಇದು ನಮ್ಮ ಬಾಗಿಲಲ್ಲ. ನಮ್ಮದು ಮನೇಲೇ ಇದೆ. ಅಪ್ಪ ಇದನ್ನ ಹಳೇ ಮರದ ಅಂಗಡಿಯಿಂದ ತಂದಿದ್ದು."

ಒಳಗೆ ಚಾಪೆ ಸರಿದ ಸದ್ದು. ಆಮೇಲೆ ಅವ್ವನ ದನಿ, ತುಂಬ ದಿನ ಮುಚ್ಚಿಟ್ಟ ಪಾತ್ರೆಯೊಳಗಿಂದ ಬಂದ ಹಾಗೆ.

"ಅದೇ ಅನ್ಕೊಂಡೆ. ಯಾರೋ ಬೇರೆಯವರ ಮನೆ ಬಾಗಿಲು ತಟ್ತಾ ಇದಾರೆ. ಬೇರೆಯವರ ಮನೇಲಿ ಕೂತು 'ಯಾರು' ಅಂತ ಕೇಳೋಕೆ ನಾನ್ಯಾರು ಅಂತ ಸುಮ್ನಿದ್ದೆ."

ಕಿರಿಮಗಳ ಹಣೆ ಬಾಗಿಲಿಗೆ ತಾಗಿತ್ತು. ಅದನ್ನ ಹಾಗೇ ಇಟ್ಕೊಂಡ್ಲು.

"ಮೊದಮೊದಲು ಏನೂ ಕೇಳಿಸ್ತಿರ್ಲಿಲ್ಲ," ಅಂದ್ಲು ಅವ್ವ. "ಮಾತ್ರೆ ನುಂಗ್ತಾ ನುಂಗ್ತಾ ಕೇಳಿಸ್ತು. ಮೂರು, ಬಿಟ್ಟು ಒಂದು. ಇವರೂ ನಮ್ಮ ಹಾಗೇ ತಟ್ತಾರಲ್ಲ ಅನ್ಕೊಂಡೆ. ಈ ಬಾಗಿಲಿಗೆ ಒಳಗಡೆ ಗೀಟು ಹಾಕಿದಾರೆ ಕಣೇ. ಯಾವುದೋ ಮಗು ಎಷ್ಟು ಬೆಳೀತು ಅಂತ. ಏಳು ಗೀಟಿದೆ. ಏಳನೇದು ನನ್ನ ಎದೆವರೆಗೂ ಬರುತ್ತೆ. ಆಮೇಲಿಲ್ಲ. ಆ ಮಗು ಏನಾಯ್ತು?"

"ಗೊತ್ತಿಲ್ಲವ್ವ."

"ಯಾರಾದ್ರೂ ನೋಡ್ಬೇಕು ಅದನ್ನ. ಎಂಟನೇ ಗೀಟು ಹಾಕೋಕೆ ಯಾರೂ ಇರ್ಲಿಲ್ಲ ಅನ್ಸುತ್ತೆ. ದಿನಾ ಅದೇ ಯೋಚನೆ ನಂಗೆ."

"ನಮ್ಮ ಬಾಗಿಲು ತಂದ್ರೆ ಕೇಳ್ತೀಯಾ?"

ಅವ್ವ ಯೋಚ್ನೆ ಮಾಡಿದ್ಲು. "ನಮ್ಮದಾದ್ರೆ ಸದ್ದು ಗೊತ್ತು ನಂಗೆ," ಅಂದ್ಲು. "ನಮ್ಮದಾದ್ರೆ ಕೇಳ್ತೀನಿ."

ಹಿಂದೆ ಬರೆಯೋರು ನಿಂತಿದ್ರು. ಎಷ್ಟು ಹೊತ್ತಿಂದ ನಿಂತಿದ್ರೋ. ಕನ್ನಡಕ ತೆಗೆದು ಅಂಗಿ ಚುಂಗಲ್ಲಿ ಒರೆಸಿದ್ರು.

"ಇದನ್ನ ನಾನು ಬರೆಯೋ ಹಾಗಿಲ್ಲ," ಅಂದ್ರು. "ಮಾತಾಡೋದು ಬೇರೆ, ಕೇಳೋದು ಬೇರೆ. ನಂಗೆ ಎರಡೇ ಮಾತು ಕೊಟ್ಟಿರೋದು. ಕೇಳಿದರು, ಕೇಳಲಿಲ್ಲ."

"ಬಾಗಿಲು ಬದಲಾಯಿಸ್ಬಹುದಾ?"

"ಬದಲಾಯಿಸ್ಬಹುದು. ನಿಮ್ಮ ಮನೆಗೆ ನಾನೇ ಬಂದು, ಕೀಲಿಂದ ಬಿಚ್ಚೋದನ್ನ ಕಣ್ಣಾರೆ ನೋಡ್ಬೇಕು. ಮನೆಯವರು ಒಳಗಿಂದ 'ಯಾರು' ಅಂತ ಕೇಳಿ, ತೆಗೆದು ಕೊಡ್ಬೇಕು." ಪುಸ್ತಕ ತಿರುವಿ ನೋಡಿದ್ರು. "ನಿಂಗೆ ಉಳಿದಿರೋದು ಒಂದೇ ಶುಕ್ರವಾರ. ಬೆಳಿಗ್ಗೆ ಬಾ, ಹೊರೋರನ್ನ ಕರ್ಕೊಂಡು ಹೋಗೋಣ."

ಮನೆಗೆ ಬಂದು ಅಪ್ಪನಿಗೆ ಹೇಳಿದ್ಲು. ಅಪ್ಪ ಚಿಲಕಕ್ಕೆ ಎಣ್ಣೆ ಬಿಡ್ತಿದ್ದ. ಅವಳು ಹೇಳಿ ಮುಗಿಸೋವರೆಗೂ ಬಿಡ್ತಾನೇ ಇದ್ದ. ಎಣ್ಣೆ ಹೊಸ್ತಿಲಿಗೆ ಇಳೀತು.

"ಅವ್ವ ಮಾತಾಡಿದ್ಲಪ್ಪ."

"ಏನಂದ್ಲು?"

"ನಮ್ಮ ಬಾಗಿಲಾದ್ರೆ ಕೇಳ್ತೀನಿ ಅಂದ್ಲು."

ಅಪ್ಪ ಎಣ್ಣೆ ಕುಡಿಕೆ ಕೆಳಗಿಟ್ಟ. "ಶುಕ್ರವಾರ ನಿಮ್ಮಕ್ಕನ್ನ ನೋಡೋಕೆ ಬರ್ತಾರೆ. ಒಳ್ಳೇ ಮನೆತನ. ಅದು ಮುಗೀಲಿ. ಆಮೇಲೆ ಬಿಚ್ಚೋಣ."

"ನಲವತ್ತನೇದೂ ಶುಕ್ರವಾರಾನೇ."

ಅಪ್ಪ ಮತ್ತೆ ಎಣ್ಣೆ ಕುಡಿಕೆ ಎತ್ಕೊಂಡ. ಒಳಗೆ ಅಕ್ಕ ಈರುಳ್ಳಿ ಹೆಚ್ತಿದ್ದೋಳು ನಿಲ್ಲಿಸಿದ್ಲು. ಆಮೇಲೆ ಮತ್ತೆ ಹೆಚ್ಚಿದ್ಲು.

"ಅಕ್ಕ," ಅಂದ್ಲು ಕಿರಿಮಗಳು.

"ನನ್ನ ಕೇಳ್ಬೇಡ ಕಣೇ," ಅಂದ್ಲು ಅಕ್ಕ, ಮಣೆ ನೋಡ್ತಾ. "ನನ್ನ ಕೇಳಿದ್ರೆ ನಾನು ಹೂಂ ಅಂದ್ಬಿಡ್ತೀನಿ. ಆಮೇಲೆ ಸಾಯೋವರೆಗೂ ನಿಮಗೆಲ್ಲ ಅನ್ನ ಬಡಿಸ್ಕೊಂಡು ಇಲ್ಲೇ ಇರ್ತೀನಿ. ಅದಕ್ಕೇ ಕೇಳ್ಬೇಡ ಅಂದಿದ್ದು."

ಶುಕ್ರವಾರ ಬೆಳಿಗ್ಗೆ ಕಿರಿಮಗಳು ಉದ್ದಮನೆಗೆ ಹೋದ್ಲು. ಹೊರೋರು ಆ ತೆಳು ಬಾಗಿಲು ಬಿಚ್ಚಿದ್ರು. ಅವ್ವ ಬಾಗಿಲಿಲ್ಲದ ಕೋಣೇಲಿ ಕೂತಿದ್ಲು. ಬೆಳಕಿಗೆ ಕಣ್ಣು ಸಣ್ಣ ಮಾಡಿ ಮಗಳನ್ನ ನೋಡಿದ್ಲು. ಒಂಬತ್ತು ತಿಂಗಳಾದ್ಮೇಲೆ ನೋಡಿದ್ದು. ಎದ್ದು ಬಂದು, ಮಗಳ ತಲೆ ಮೇಲೆ ಅಂಗೈ ಚಪ್ಪಟೆ ಮಾಡಿ ಇಟ್ಟು, ಆ ಕೈಯನ್ನ ಹಾಗೇ ತನ್ನ ಕಡೆಗೆ ಎಳ್ಕೊಂಡ್ಲು. ಕೈ ಅವ್ವನ ಗಲ್ಲಕ್ಕೆ ಬಂತು.

"ಗೀಟು ದಾಟಿದೀಯ," ಅಂದ್ಲು. ಹೋಗಿ ಚಾಪೆ ಮೇಲೆ ಕೂತ್ಲು. ಬಾಗಿಲು ಬರೋ ಕಡೆಗೆ ಮುಖ ಮಾಡಿ ಕೂತ್ಲು.

ಹೊರೋರು ಬಾಗಿಲು ಹೆಗಲ ಮೇಲಿಟ್ಕೊಂಡ್ರು. ತಂದ ಮನೆಗೆ ವಾಪಸ್ಸು ಕೊಡ್ಬೇಕಲ್ಲ. ಹಾಡಹಗಲು. ಮುಂದೆ ಬರೆಯೋರು ಪುಸ್ತಕ ಕಂಕುಳಲ್ಲಿಟ್ಕೊಂಡು, ಅವರ ಹಿಂದೆ ಬಾಗಿಲು, ಬಾಗಿಲ ಹಿಂದೆ ಕಿರಿಮಗಳು. ಏಳು ಗೀಟೂ ಬಿಸಿಲಿಗೆ ಕಾಣ್ತಿದ್ವು. ಬಾಗಿಲು ನಿಲ್ಲಿಸಿದ್ರೆ ಕೆಳಗಿನದ್ದು ಅವಳ ಸೊಂಟದ ಹತ್ರಕ್ಕೆ ಬರೋದು. ಆ ಮಗು ಆಗ ತಾನೇ ನಿಂತ್ಕೊಳ್ಳೋದು ಕಲ್ತಿರ್ಬೇಕು.

ಬೀದಿ ಜನ ಹೊರಗೆ ಬಂದ್ರು. ಎದುರುಮನೆಯವಳು ಕಟ್ಟೆಯಿಂದ ಎದ್ದು ನಿಂತ್ಲು. ಈ ಸಲ ಏನೂ ಕೇಳ್ಲಿಲ್ಲ.

ಮನೆ ಮುಂದೆ ಎಂಟು ಜೊತೆ ಚಪ್ಪಲಿ ಇದ್ವು. ಹೊಸ್ತಿಲಿಗೆ ಅಕ್ಕ ರಂಗೋಲಿ ಎಳೆದಿದ್ಲು. ಬಾಗಿಲು ಹಾಕಿತ್ತು. ಒಳಗೆ ಮಾತು, ನಗು, ಲೋಟದ ಸದ್ದು. ಯಾರೋ ಉಪ್ಪಿಟ್ಟು ಚೆನ್ನಾಗಿದೆ ಅಂತಿದ್ರು.

"ತಟ್ಟು," ಅಂದ್ರು ಬರೆಯೋರು.

ಅವಳು ತಟ್ಟಿದ್ಲು. ಮೂರು ಸಲ, ಬಿಟ್ಟು ಒಂದು ಸಲ. ತುಂಬಿದ ಕೊಡ ನೆಲಕ್ಕಿಟ್ಟ ಹಾಗೆ ಸದ್ದಾಯ್ತು.

ಒಳಗೆ ಮಾತು ನಿಂತು ಹೋಯ್ತು.

ನೆಂಟರು ಕೇಳೋ ಹಾಗಿಲ್ಲ. ಅದು ಅವರ ಮನೆಯಲ್ಲ. ಕೇಳಿದ್ರೆ ಅಪ್ಪ ಕೇಳ್ಬೇಕು, ಇಲ್ಲ ಅಕ್ಕ ಕೇಳ್ಬೇಕು. ಕೇಳಿದ್ರೆ ತೆಗೀಬೇಕು. ತೆಗೆದ್ರೆ ಬೀದಿ ತುಂಬ ಜನ, ಹೆಗಲ ಮೇಲೆ ಬಾಗಿಲು, ಪುಸ್ತಕ. ಕಿರಿಮಗಳಿಗೆ ಅಪ್ಪನ ಕೆಮ್ಮು ಕೇಳಿಸ್ತು. ಬಾಗಿಲ ಹತ್ರಾನೇ ಕೇಳಿಸ್ತು. ಅಕ್ಕನ ಬಳೆ ಒಂದು ಸಲ ಸದ್ದು ಮಾಡಿ, ಯಾರೋ ಹಿಡ್ಕೊಂಡ ಹಾಗೆ ನಿಂತ್ವು.

"ಒಳಗೆ ಜನ ಇದಾರಾ?" ಅಂತ ಬರೆಯೋರು ಕೇಳಿದ್ರು.

"ಇದಾರೆ."

"ಕಿವಿ ಕೇಳಿಸುತ್ತಾ ಅವರಿಗೆ?"

"ಕೇಳಿಸುತ್ತೆ."

ಹೊರೋರು ಹೆಗಲು ಬದಲಾಯಿಸಿದ್ರು. ಬಿಸಿಲು ಚಪ್ಪಲಿ ಮೇಲಿಂದ ರಂಗೋಲಿ ಮೇಲಕ್ಕೆ ಬಂತು. ಅವಳು ಇನ್ನೊಂದು ಸಲ ತಟ್ಟಿದ್ಲು. ಮೂರು ಸಲ, ಬಿಟ್ಟು ಒಂದು ಸಲ. ಉದ್ದಮನೇಲಿ ಬಾಗಿಲಿಲ್ಲದ ಕೋಣೇಲಿ ಅವ್ವ ಬಾಗಿಲು ಬರೋ ಕಡೆಗೆ ಮುಖ ಮಾಡ್ಕೊಂಡು ಕೂತಿದ್ಲು.

ಬರೆಯೋರು ಕಟ್ಟೆ ಮೇಲೆ ಕೂತ್ರು. ಪುಸ್ತಕ ತೊಡೆ ಮೇಲಿಟ್ಕೊಂಡು ಬಿಚ್ಚಿದ್ರು. ಲೇಖನಿ ತೆಗೆದ್ರು, ತುಂಬ ಹೊತ್ತು ಹಿಡ್ಕೊಂಡೇ ಇದ್ರು. ಮೊದಲ ಸಲ ಪೂರ್ತಿ ತಲೆ ಎತ್ತಿ ಅವಳನ್ನ ನೋಡಿದ್ರು.

"ಕೇಳಲಿಲ್ಲ ಅಂತ ಬರೀಬೇಕು," ಅಂದ್ರು. "ಯಾರ ಹೆಸರಲ್ಲಿ ಬರೀಲಿ?"

ಅವಳು ಬಾಗಿಲ ಕಡೆ ತಿರುಗಿದ್ಲು. ಮೂರು ಸಲ ತಟ್ಟಿದ್ಲು. ಬಿಟ್ಲು. ಒಂದು ಸಲ ತಟ್ಟಿದ್ಲು.